ಮುಧೋಳ ತಳಿಯ ಚಿಗರಿ ಮತ್ತು ಪಕ್ಕದ ಹೊಲದ ಕುರಿಗಳು

ನಮ್ಮ ಮನೆಯ ಮುಧೋಳ ನಾಯಿ ಚಿಗರಿ ಮನುಷ್ಯರ ಎದುರು ತಾನಾಗಿ ಎಂದೂ ಹಲ್ಲು ತೋರಿಸಿದವಳಲ್ಲ. ಹಾಲು ತರುವವರು, ಗ್ಯಾಸ್ ಸಿಲಿಂಡರ್ ಹೊತ್ತು ತರುವ ಹುಡುಗ, ಅವ್ವನನ್ನು ಮಾತಾಡಿಸಲು ಬರುವ ಓಣಿಯ ಹೆಂಗಸರು ಯಾರೇ ಬರಲಿ, ಒಮ್ಮೆ ಮೂಸಿ ನೋಡಿ, ತುಸು ದೂರ ಸರಿದು ಮುಂಗಾಲ ಮೇಲೆ ಮೂತಿ ಇಟ್ಟು ಮಲಗುವುದು ಅವಳ ಸ್ವಭಾವ. ಆದರೆ ಕುರಿ, ಆಡು, ಬೆಕ್ಕು, ಕೋಳಿ ಕಣ್ಣಿಗೆ ಬಿದ್ದರೆ ಅದೇ ಚಿಗರಿ ಬಾಣ ಬಿಟ್ಟಂತೆ ಹಾರುತ್ತಿದ್ದಳು; ಬೀದಿಯಲ್ಲಿ ಇನ್ನೊಂದು ನಾಯಿ ಎದುರಾದರೆ ಮೈಯ ಕೂದಲೆಲ್ಲ ನಿಮಿರಿಸಿ ಕಚ್ಚಲು ಎಗರುತ್ತಿದ್ದಳು. ಇವೆರಡನ್ನೂ ಮನೆಯವರು, ನೆಂಟರು, ನೆರೆಯವರು ‘ಸಿಟ್ಟು’ ಎಂಬ ಒಂದೇ ಮಾತಿನಲ್ಲಿ ಕರೆಯುತ್ತಿದ್ದರು. ಇವು ಒಂದೇ ನಾಯಿಯಲ್ಲಿರುವ ಎರಡು ಬೇರೆ ಸಂಗತಿಗಳು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ ಎಂಬುದು ತಿಳಿದ ಮೇಲೆಯೇ ನಮಗೆ ದಾರಿ ಕಂಡಿತು. ಬೇಟೆಯ ತಳಿಗಳನ್ನು ಮನೆಯಲ್ಲಿ ಸಾಕುವವರು ಈಗ ಹೆಚ್ಚುತ್ತಿರುವುದರಿಂದ, ಚಿಗರಿಯೊಂದಿಗೆ ನಾವು ಹಾದುಬಂದ ಈ ದಾರಿಯನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಧಾರವಾಡದ ಅಂಚಿನ ಒಂದು ಬಡಾವಣೆಯಲ್ಲಿ. ಕಂಪೌಂಡಿನ ಆಚೆಗೆ ಎರೆ ಹೊಲಗಳು. ಮುಂಗಾರಿನ ಹೆಸರು, ಸೋಯಾ ಕಿತ್ತು ಹಿಂಗಾರಿಯ ಜೋಳ, ಕಡಲೆ ಬಿತ್ತುವುದಕ್ಕೆ ಮೊದಲು, ಮತ್ತೆ ಸುಗ್ಗಿ ಮುಗಿದ ಬಳಿಕ ಬೇಸಿಗೆಯುದ್ದಕ್ಕೂ, ಬಾಗಲಕೋಟೆ, ಬೆಳಗಾವಿ ಕಡೆಯ ಕುರಿಗಾರರು ದಖ್ಖನಿ ಕುರಿಗಳ ಹಿಂಡನ್ನು ಹೊಡೆದುಕೊಂಡು ಈ ಹೊಲಗಳಿಗೆ ಬರುತ್ತಾರೆ. ರಾತ್ರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿದರೆ ಹಿಕ್ಕೆಯೂ ಗಂಜಲವೂ ಭೂಮಿಗೆ ಗೊಬ್ಬರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಹೊಲದ ಒಡೆಯರು ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಹೀಗಾಗಿ ನಮ್ಮ ಹಿತ್ತಲಿನ ಗೋಡೆಯ ಮಗ್ಗುಲಲ್ಲೇ ವರ್ಷದ ಹಲವು ವಾರ ನೂರಾರು ಕುರಿಗಳು ಮಲಗಿ ಏಳುತ್ತವೆ.

ಅಂಥ ಒಂದು ಬೇಸಿಗೆಯ ಮುಂಜಾನೆ ಚಿಗರಿ ಕಂಪೌಂಡ್ ಹಾರಿ ಹಿಂಡಿನೊಳಗೆ ನುಗ್ಗಿದಳು. ಕುರಿಗಾರರ ಕೂಗು ಕೇಳಿ ನಾನು ಓಡಿ ತಲುಪುವಷ್ಟರಲ್ಲಿ ಒಂದು ಎಳೆಯ ಮರಿಯ ತೊಡೆಗೆ ಅವಳ ಹಲ್ಲು ಇಳಿದಿತ್ತು. ಅವಳು ಬೊಗಳಿರಲಿಲ್ಲ, ಗುರುಗುಟ್ಟಿರಲಿಲ್ಲ. ಓಡುವಾಗಲೂ ಕಚ್ಚುವಾಗಲೂ ಅವಳ ಗಂಟಲಿನಿಂದ ಒಂದು ಸದ್ದೂ ಹೊರಟಿರಲಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಮರಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ನಾಯಿಯ ಹಲ್ಲಿನ ಗಾಯ ಹೊರಗೆ ಸಣ್ಣ ತೂತಾಗಿ ಕಂಡರೂ ಒಳಗೆ ಮಾಂಸ ಹರಿದು ಕೀವಾಗುವ ಅಪಾಯವಿರುವುದರಿಂದ ಅಲ್ಲಿಯ ವೈದ್ಯರು ಅದನ್ನು ಬಿಗಿಯಾಗಿ ಹೊಲಿಯದೆ ತೆರೆದೇ ಬಿಟ್ಟು, ಒಳಗಿನಿಂದ ತೊಳೆದು ಔಷಧ ಹಚ್ಚಿ, ಆ್ಯಂಟಿಬಯಾಟಿಕ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಚಿಗರಿಯ ರೇಬೀಸ್ ಲಸಿಕೆಯ ಕಾರ್ಡನ್ನು ಕೇಳಿ ಪಡೆದು ದಿನಾಂಕ ನೋಡಿದರು. ಮರಿ ಬದುಕಿತು.

ಆ ಕುರಿಗಾರರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಔಷಧದ ಖರ್ಚಿನೊಂದಿಗೆ ಮರಿಯ ಬೆಲೆಯನ್ನೂ ಕೊಡಲು ಹೋದಾಗ ಅವರು ಬೆಲೆಯನ್ನು ತೆಗೆದುಕೊಳ್ಳಲಿಲ್ಲ. “ಮರಿ ಬದುಕೇತಿ, ಅದರ ಕಿಮ್ಮತ್ತು ಯಾಕ್ರಿ? ಔಷಧದ್ದು ಕೊಡ್ರಿ ಸಾಕು. ನಾಯಿನ್ನ ಬಡೀಬ್ಯಾಡ್ರಿ ಸರ್ರ, ಅದರ ಹುಟ್ಟುಗುಣ ಅದು. ನೀವು ಕಾಯ್ರಿ” ಎಂದರು. ಅವರ ಹಿಂಡಿನ ಎರಡು ನಾಯಿಗಳು ಅಲ್ಲಿಯೇ ಕುರಿಗಳ ನಡುವೆ ಅಡ್ಡಾಡುತ್ತಿದ್ದವು. ಮರಿಗಳು ಅವುಗಳ ಬೆನ್ನಿಗೆ ಮೈ ಉಜ್ಜುತ್ತಿದ್ದವು. “ಕಾಕಾ, ನಿಮ್ಮ ನಾಯಿ ಕುರಿ ಮುಟ್ಟೂದಿಲ್ಲಲ್ರಿ, ಅದ್ಹೆಂಗ?” ಎಂದು ಕೇಳಿದೆ. “ಕಣ್ಣು ಬಿಡೂಕಿಂತ ಮೊದಲ ಕುರಿ ನಡುವ ಬಿದ್ದಿರ್ತಾವ್ರಿ ಅವು. ಮರಿ ಜೋಡಿ ಮಲಗಿ ದೊಡ್ಡವಾದಾವು. ಅವಕ್ಕ ಇವು ಮನಿ ಮಂದಿ” ಎಂದರು.

ಈ ಮಾತಿನಲ್ಲಿ ಪ್ರಾಣಿ ವರ್ತನೆಯ ಶಾಸ್ತ್ರದ ಒಂದು ಮುಖ್ಯ ಪಾಠವಿದೆ. ನಾಯಿಮರಿ ಹುಟ್ಟಿದ ಸುಮಾರು 3ನೇ ವಾರದಿಂದ 12ರಿಂದ 14ನೇ ವಾರದವರೆಗೆ ತಾನು ಕಂಡು, ಮೂಸಿ, ಜೊತೆಗೆ ಆಡಿದ ಪ್ರಾಣಿಗಳನ್ನು ತನ್ನ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ಪರಿಚಯವಾಗುವ ಪ್ರಾಣಿಯನ್ನು ಒಪ್ಪಿಸಲು ಬಹಳ ಶ್ರಮ ಬೇಕು, ಕೆಲವೊಮ್ಮೆ ಶ್ರಮ ಪಟ್ಟರೂ ಆಗುವುದಿಲ್ಲ. ಚಿಗರಿ ನಮ್ಮ ಮನೆಗೆ ಬಂದದ್ದು ಆ ವಾರಗಳು ದಾಟಿದ ಮೇಲೆ. ಅಲ್ಲಿಯವರೆಗೆ ಅವಳು ಬೆಳೆದದ್ದು ತನ್ನ ಒಡಹುಟ್ಟಿದ ಮರಿಗಳೊಂದಿಗೆ ಒಂದು ಅಂಗಳದ ಜಾಲರಿಯ ಒಳಗೆ. ಕುರಿ ಅವಳಿಗೆ ಮನೆಯ ಮಂದಿಯಾಗುವ ಕಾಲ ಮುಗಿದುಹೋಗಿತ್ತು.

ಕುರಿಗಾರರು ದೊಡ್ಡ ಮನಸ್ಸಿನಿಂದ ಬಿಟ್ಟರೆಂದು ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ, ಅವರಿಗೆ ತೀವ್ರ ಗಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ 6 ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕುರಿಯ ವಿಷಯದಲ್ಲಿ ಆ ಕಲಂ ನೇರವಾಗಿ ಅನ್ವಯವಾಗದಿದ್ದರೂ, ಹಿಂಡನ್ನೇ ನಂಬಿ ಊರೂರು ನಡೆಯುವ ಕುಟುಂಬಕ್ಕೆ ಒಂದು ಮರಿಯ ನಷ್ಟ ಎಂದರೆ ಏನು ಎಂಬುದನ್ನು ತಿಳಿಯಲು ಕಾನೂನಿನ ಪುಸ್ತಕ ಬೇಕಾಗಿಲ್ಲ.

ಮುಂದಿನ ಕೆಲವು ದಿನ ಸಲಹೆಗಳ ಸುರಿಮಳೆ. ನಾಲ್ಕು ಬಾರಿಸಿದರೆ ನೆನಪಿರುತ್ತದೆ ಎಂದರು ಒಬ್ಬರು. ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಿ ಹಾಕಿ ಎಂದರು ಇನ್ನೊಬ್ಬರು. ಓಡದಂತೆ ಕೊರಳಿಗೆ ಮರದ ತುಂಡು ನೇತುಹಾಕುವ ಉಪಾಯವನ್ನೂ ಹೇಳಿದರು. “ಒಂದ್ ಸೂಲು ಮರಿ ಹಾಕಲಿ, ತಾನ ಸುಮ್ಮನಾಗ್ತದ” ಎಂಬುದು ಅವ್ವನ ನಂಬಿಕೆ. ಹೇಳಿದವರೆಲ್ಲರಿಗೂ ನಮ್ಮ ಮೇಲಿನ ಕಾಳಜಿಯೇ ಇತ್ತು. ಆದರೂ ಮೊದಲು ಚಿಗರಿಯನ್ನು ಬಲ್ಲ ವೈದ್ಯರಿಗೆ ತೋರಿಸಿ, ಅವರ ಮಾತು ಕೇಳಿಯೇ ಮುಂದಿನ ಹೆಜ್ಜೆ ಇಡೋಣವೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದೆವು.

ವೈದ್ಯರು ಮೊದಲು ಕೇಳಿದ್ದು ಅವಳ ಸ್ವಭಾವದ ಬಗ್ಗೆ ಅಲ್ಲ, ಅವಳ ಮೈಯ ಬಗ್ಗೆ. ನೋವಿರುವ ನಾಯಿ ಇನ್ನೊಂದು ಪ್ರಾಣಿ ಹತ್ತಿರ ಬಂದರೆ ಸಹಿಸುವುದಿಲ್ಲ ಎಂಬುದು ಅವರು ಹಿಡಿದ ಮೊದಲ ಎಳೆ. ಹಲ್ಲು, ಕಿವಿ, ಬೆನ್ನುಮೂಳೆ, ಸೊಂಟದ ಕೀಲು ಎಲ್ಲವನ್ನೂ ಒತ್ತಿ ನೋಡಿದರು, ನಮ್ಮ ಕಡೆ ರಕ್ತ ಹೀರುವ ಉಣ್ಣಿ ಹುಳುವಿನಿಂದ ಹರಡುವ ಜ್ವರ ಸಾಮಾನ್ಯವಾದ್ದರಿಂದ ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿದರು. ರಕ್ತದಲ್ಲಿ ದೋಷವಿರಲಿಲ್ಲ. ಆದರೆ ಬಲಗಿವಿಯ ಆಳದಲ್ಲಿ ಹಳೆಯ ಸೋಂಕು ಇತ್ತು. ಅಲ್ಲಿ ಬೆರಳು ತಾಗಿದಾಗ ತಲೆ ಕೊಡವಿ ತುಟಿ ಎತ್ತಿದಳು. ಕಿವಿ ವಾಸಿಯಾದ ಮೇಲೆ ಬೀದಿ ನಾಯಿಗಳ ಮೇಲಿನ ಅವಳ ಆರ್ಭಟ ಸ್ವಲ್ಪ ಇಳಿಯಿತು; ಕುರಿಗಳತ್ತ ಅವಳ ನೋಟ ಎಳ್ಳಷ್ಟೂ ಬದಲಾಗಲಿಲ್ಲ. ಎರಡೂ ಬೇರೆ ಎಂಬುದಕ್ಕೆ ನಮಗೆ ಸಿಕ್ಕ ಮೊದಲ ಸಾಕ್ಷಿ ಇದು.

ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಶ್ನೆಯೂ ಬಂತು. ಅದರಿಂದ ಗರ್ಭಕೋಶದ ಕೀವು, ಬೇಡದ ಮರಿಗಳು ತಪ್ಪುತ್ತವೆಯೇ ಹೊರತು ಹೆಣ್ಣು ನಾಯಿಯ ಬೇಟೆಯ ಗುಣ ಕಡಿಮೆಯಾಗುವುದಿಲ್ಲ, ಮರಿ ಹಾಕಿದ್ದರಿಂದಲೂ ಅದು ಹೋಗುವುದಿಲ್ಲ ಎಂದು ವೈದ್ಯರು ಅವ್ವನಿಗೂ ತಿಳಿಯುವಂತೆ ಹೇಳಿದರು. ಆರೋಗ್ಯದ ದೃಷ್ಟಿಯಿಂದ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಗ್ರೇಹೌಂಡ್‌ನಂಥ ಕೊಬ್ಬಿಲ್ಲದ ಮೈಯ ಬೇಟೆ ನಾಯಿಗಳು ಥಯೋಪೆಂಟೋನ್ ಎಂಬ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ತಡಮಾಡುತ್ತವೆ. ಮುಧೋಳವೂ ಅದೇ ಮೈಕಟ್ಟಿನದಾದ್ದರಿಂದ ಆ ಔಷಧವನ್ನು ಅವರು ಬಳಸಲಿಲ್ಲ. ಈ ತಳಿಯನ್ನು ಸಾಕುವವರು ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ತಪ್ಪದೆ ಕೇಳಬೇಕು.

ಇನ್ನು ಅವಳ ಮೌನದ ವಿಷಯ. ಕುರಿಯ ಮೇಲೆ ಎಗರುವಾಗ ಸದ್ದು ಮಾಡಿದಳೇ ಎಂದು ವೈದ್ಯರು ಎರಡೆರಡು ಸಲ ಕೇಳಿದರು. ಸಿಟ್ಟಿನ ಅಥವಾ ಭಯದ ನಾಯಿ ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ಬೊಗಳುತ್ತದೆ; ಎದುರಿನ ಪ್ರಾಣಿ ದೂರ ಹೋಗಲಿ ಎಂಬುದೇ ಅದರ ಉದ್ದೇಶ. ಬೇಟೆಗಿಳಿದ ನಾಯಿಗೆ ಎದುರಿನ ಪ್ರಾಣಿಯ ಮೇಲೆ ಸಿಟ್ಟಿಲ್ಲ. ಅದು ಸದ್ದಿಲ್ಲದೆ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಮನುಷ್ಯರು ಈ ಸರಪಣಿಯ ಬೇರೆ ಬೇರೆ ಕೊಂಡಿಗಳನ್ನು ಹಿಗ್ಗಿಸಿ ಕುಗ್ಗಿಸಿಯೇ ತಳಿಗಳನ್ನು ಬೆಳೆಸಿದ್ದಾರೆ. ಕುರಿ ತಿರುಗಿಸುವ ಬಾರ್ಡರ್ ಕೋಲಿಯಲ್ಲಿ ದಿಟ್ಟಿಸಿ ಹೊಂಚುವುದು ಬಲವಾಗಿದೆ, ಹಿಡಿಯುವುದು ಕ್ಷೀಣವಾಗಿದೆ. ಮುಧೋಳದಂಥ, ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ತಳಿಗಳಲ್ಲಿ ನೋಟವೂ ಓಟವೂ ಹಿಡಿತವೂ ಇಡಿಯಾಗಿ ಉಳಿದಿವೆ.

ಈ ತಳಿಯ ಇತಿಹಾಸ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಧೋಳದ ಘೋರ್ಪಡೆ ಮನೆತನದ ಅರಸ ಮಾಲೋಜಿರಾವ್ ಇದನ್ನು ಪೋಷಿಸಿ ಬೆಳೆಸಿದ್ದು, 20ನೇ ಶತಮಾನದ ಆರಂಭದ ದಶಕಗಳಲ್ಲಿ ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟದ್ದು ಎಲ್ಲವೂ ಅದು ಬೇಟೆಯ ನಾಯಿ ಎಂಬ ಹೆಮ್ಮೆಯಿಂದಲೇ. 2005ರಲ್ಲಿ ಅಂಚೆ ಇಲಾಖೆ ಭಾರತದ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮೊಲವನ್ನು ಬೆನ್ನಟ್ಟಿ ಹಿಡಿಯಲೆಂದು ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ನಾಯಿಗೆ, ಓಡುವ ಕುರಿಮರಿಯನ್ನು ಹಿಡಿದ ತಪ್ಪಿಗೆ ಬೆತ್ತದಿಂದ ಹೊಡೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅದೇ ನಾಯಿಗಳನ್ನು ಮೀರತ್‌ನ ಸೇನಾ ಕೇಂದ್ರ ತರಬೇತಿಗೆ ತೆಗೆದುಕೊಂಡಿದೆ ಎಂಬುದು ನನ್ನ ಮಗಳಿಗೆ ದೊಡ್ಡ ಧೈರ್ಯವಾಯಿತು. ಸೈನಿಕರು ಕಲಿಸಬಲ್ಲರಾದರೆ ನಾವೂ ಕಲಿಸಬಹುದು ಎಂದು ಅವಳೇ ಒಂದು ನೋಟ್‌ಬುಕ್ ತೆಗೆದು ದಾಖಲೆ ಬರೆಯಲು ಕುಳಿತಳು.

ಕಲಿಸುವುದಕ್ಕೆ ಮೊದಲು ತಡೆಯುವುದು. ವೈದ್ಯರು ಇದನ್ನು ಒತ್ತಿ ಒತ್ತಿ ಹೇಳಿದರು. ಬೇಟೆಯ ಓಟದಲ್ಲಿ ಓಟವೇ ನಾಯಿಗೆ ಬಹುಮಾನ. ಹಿಡಿಯಲಿ ಬಿಡಲಿ, ಅಟ್ಟಿದಷ್ಟೂ ಅಟ್ಟುವ ಆಸೆ ಬಲಿಯುತ್ತದೆ. ಆದ್ದರಿಂದ ಇನ್ನೊಂದು ಅವಕಾಶ ಸಿಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ಅರ್ಧ ಪಾಲು. ಹಿತ್ತಲಿನ ಗೋಡೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಂತಿ ಜಾಲರಿಯನ್ನು ಆಳೆತ್ತರ ಮೀರಿ ಏರಿಸಿದೆವು, ಮೇಲ್ತುದಿಯನ್ನು ಒಳಮುಖವಾಗಿ ಬಾಗಿಸಿದೆವು. ಜಾಲರಿಯ ಕೆಳಭಾಗಕ್ಕೆ ಹಸಿರು ಬಟ್ಟೆ ಕಟ್ಟಿದ್ದರಿಂದ ಹೊಲದಲ್ಲಿ ಆಡುವ ಚಲನೆ ಅವಳ ಕಣ್ಣಿಗೆ ಬೀಳುವುದು ನಿಂತಿತು. ನನ್ನ ಅನುಭವದಲ್ಲಿ ಜಾಲರಿಯ ಎತ್ತರಕ್ಕಿಂತ ಈ ಬಟ್ಟೆಯೇ ಹೆಚ್ಚು ಕೆಲಸ ಮಾಡಿತು. ಮುಂಜಾನೆಯಿಂದ ಸಂಜೆಯವರೆಗೆ ಗೋಡೆಯುದ್ದಕ್ಕೂ ಮಾಡುತ್ತಿದ್ದ ಶತಪಥವನ್ನು ಬಿಟ್ಟು ಅವಳು ನೆರಳಿನಲ್ಲಿ ಮಲಗತೊಡಗಿದಳು.

ಮುಧೋಳದ ತಲೆ ಕಿರಿದು, ಕುತ್ತಿಗೆ ಉದ್ದ. ಸಾಧಾರಣ ಕೊರಳಪಟ್ಟಿಯನ್ನು ಹಿಮ್ಮುಖವಾಗಿ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಅದಕ್ಕಾಗಿ ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯುವ ಮಾರ್ಟಿಂಗೇಲ್ ಪಟ್ಟಿ ತರಿಸಿದೆವು. ಬಯಲಿನಲ್ಲಿ ಅಭ್ಯಾಸ ಮಾಡಿಸುವಾಗ ಎದೆಗೆ ಹಾರ್ನೆಸ್ ತೊಡಿಸಿ, ಅದಕ್ಕೆ ಸುಮಾರು 10 ಮೀಟರ್ ಉದ್ದದ ಹಗ್ಗ ಕಟ್ಟುತ್ತಿದ್ದೆ. ಇಷ್ಟು ಉದ್ದದ ಹಗ್ಗವನ್ನು ಕೊರಳಿಗೆ ಎಂದೂ ಕಟ್ಟಬಾರದು. ವೇಗದಲ್ಲಿ ಓಡಿ ಹಗ್ಗದ ತುದಿ ಮುಟ್ಟಿದಾಗ ಬೀಳುವ ಜಗ್ಗು ಕುತ್ತಿಗೆಯ ಮೂಳೆಗೆ ಪೆಟ್ಟು ಕೊಡಬಲ್ಲದು.

ಬಾಯಿಕುಕ್ಕೆಯ ಮಾತು ಬಂದಾಗ ಮನೆಯಲ್ಲಿ ಎಲ್ಲರಿಗೂ ಸಂಕಟವಾಯಿತು, ಅವ್ವನ ಹೊರತು. ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದನ್ನು ಚಿಕ್ಕಂದಿನಿಂದ ಕಂಡ ಅವಳಿಗೆ ಅದರಲ್ಲಿ ಕ್ರೌರ್ಯವೇನೂ ಕಾಣಲಿಲ್ಲ. ನಾವು ತಂದದ್ದು ಬುಟ್ಟಿಯ ಆಕಾರದ್ದು. ಅದರೊಳಗೆ ನಾಯಿ ಬಾಯಿ ಅಗಲಿಸಿ ತೇಕಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿದು ಮುಚ್ಚುವ ಬಟ್ಟೆಯ ಪಟ್ಟಿಯನ್ನು ನಮ್ಮ ಬಿಸಿಲಿನಲ್ಲಿ ವಾಯುವಿಹಾರಕ್ಕೆ ಹಾಕಿದರೆ ತೇಕಲಾಗದೆ ಮೈ ಕಾದು ನಾಯಿ ಸಾಯುವ ಅಪಾಯವಿದೆ. ಕುಕ್ಕೆಯನ್ನು ತೊಡಿಸುವುದಕ್ಕೆ ಮೊದಲು ಅದನ್ನು ಪ್ರೀತಿಸುವಂತೆ ಮಾಡಬೇಕು. ನನ್ನ ಹೆಂಡತಿ ಬೇಯಿಸಿದ ಕೋಳಿಯ ಈಲಿಯನ್ನು ಅರೆದು ಕುಕ್ಕೆಯ ಒಳತುದಿಗೆ ಸವರಿ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಚಿಗರಿ ತಾನಾಗಿ ಮೂತಿ ಇಟ್ಟು ನೆಕ್ಕಿ ಹೊರತೆಗೆಯುತ್ತಿದ್ದಳು. ಪಟ್ಟಿ ಕಟ್ಟುವ ಗೊಡವೆಗೆ ಬಹಳ ದಿನ ಹೋಗಲಿಲ್ಲ. ಮೂತಿಯನ್ನು ಅವಳೇ ಒಳಗೆ ತೂರಿ ಇನ್ನಷ್ಟು ಬೇಕೆಂದು ಕಾಯತೊಡಗಿದ ಮೇಲೆ ಕ್ಷಣಕಾಲ ಪಟ್ಟಿ ಕಟ್ಟಿ ಬಿಚ್ಚುವುದು, ಬಳಿಕ ಅಂಗಳದಲ್ಲಿ ಒಂದು ಸುತ್ತು, ಆಮೇಲೆ ಬೀದಿ. ಈಗ ಕುಕ್ಕೆ ಕೈಗೆತ್ತಿಕೊಂಡರೆ ತಿರುಗಾಟದ ಹೊತ್ತಾಯಿತೆಂದು ಬಾಲ ಬೀಸುತ್ತ ಬರುತ್ತಾಳೆ.

ನಿಜವಾದ ಅಭ್ಯಾಸ ನಡೆದದ್ದು ದೂರದ ಲೆಕ್ಕದಲ್ಲಿ. ಕುರಿಯನ್ನು ಕಂಡೂ ನನ್ನ ಮಾತು ಅವಳ ಕಿವಿಗೆ ಬೀಳುವಷ್ಟು ದೂರ ಯಾವುದು ಎಂಬುದನ್ನು ಮೊದಲು ಕಂಡುಕೊಳ್ಳಬೇಕಿತ್ತು. ಆರಂಭದಲ್ಲಿ ಅದು ಸುಮಾರು 150 ಮೀಟರ್. ಅದಕ್ಕಿಂತ ಹತ್ತಿರವಾದರೆ ಕೈಯಲ್ಲಿರುವ ಮಾಂಸದ ತುಂಡೂ ಅವಳಿಗೆ ಕಲ್ಲಿಗೆ ಸಮ. ಆ ಗೆರೆ ದಾಟುವುದನ್ನು ಅವಳ ಮೈ ಮೊದಲೇ ಹೇಳುತ್ತಿತ್ತು. ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ, ತೇಕು ನಿಲ್ಲುತ್ತದೆ. ಮಡಿಚಿದ ಕಿವಿಗಳ ಬುಡ ನೆಟ್ಟಗಾಗುತ್ತದೆ. ಮುಂಗಾಲೊಂದು ನೆಲದಿಂದ ಎರಡು ಬೆರಳಷ್ಟು ಮೇಲೆದ್ದು ಅಲ್ಲಿಯೇ ನಿಲ್ಲುತ್ತದೆ. ಹೆಗಲ ಚರ್ಮದ ಕೆಳಗೆ ಸ್ನಾಯು ಸಣ್ಣಗೆ ಅದುರುತ್ತದೆ. ಬಾಯಿ ಮುಚ್ಚಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ಒಂದೆರಡು ಉಸಿರಿನಷ್ಟು ಹೊತ್ತು ಮಾತ್ರ. ಮಾಡಬೇಕಾದದ್ದೆಲ್ಲ ಆ ಹೊತ್ತಿನೊಳಗೇ ಆಗಬೇಕು. ಓಟ ಶುರುವಾದ ಮೇಲೆ ಕೂಗಿದರೆ ಪ್ರಯೋಜನವಿಲ್ಲ.

ಅವಳು ಹಿಂಡನ್ನು ಕಂಡ ಕೂಡಲೇ, ಬಾಯಿ ಇನ್ನೂ ತೆರೆದಿರುವಾಗಲೇ “ಶಾಬಾಸ್” ಎಂದು ಹೇಳಿ ಈಲಿಯ ತುಂಡು ಕೊಡುತ್ತಿದ್ದೆ. ನೋಡಿದರೆ ತಿನಿಸು, ಕಣ್ಮರೆಯಾದರೆ ತಿನಿಸಿಲ್ಲ. ಕೆಲವು ವಾರಗಳಲ್ಲಿ, ಕುರಿ ಕಂಡ ತಕ್ಷಣ ಅವಳೇ ನನ್ನ ಮುಖದತ್ತ ತಿರುಗತೊಡಗಿದಳು. ಆಗ ದೂರವನ್ನು ಸ್ವಲ್ಪ ಇಳಿಸಿದೆವು. ಮೇಯುತ್ತ ನಿಂತ ಕುರಿಯ ಹತ್ತಿರ ಹೋಗುವುದು ಸುಲಭ, ಓಡುವ ಕುರಿಯ ವಿಷಯ ಹಾಗಲ್ಲ. ಆದ್ದರಿಂದ ಹಿಂಡು ಬೆದರಿ ಓಡಿದ ದಿನ ಮತ್ತೆ ಹಳೆಯ ದೂರಕ್ಕೇ ಮರಳುತ್ತಿದ್ದೆವು. ಮಗಳ ನೋಟ್‌ಬುಕ್ಕಿನ ಬೆಲೆ ಇಲ್ಲಿ ತಿಳಿಯಿತು. ಯಾವ ಪ್ರಾಣಿ, ಎಷ್ಟು ದೂರ, ನಿಂತಿತ್ತೋ ಓಡುತ್ತಿತ್ತೋ, ಗಾಳಿ ಯಾವ ಕಡೆಯದು, ಚಿಗರಿ ತಿಂದಳೋ ಇಲ್ಲವೋ ಎಂದು ಅವಳು ಗುರುತಿಸಿಡುತ್ತಿದ್ದಳು. ಅದನ್ನು ನೋಡಿದಾಗ ಗೊತ್ತಾದ ಒಂದು ಸಂಗತಿ, ಮುಂಜಾನೆಯ ಮೊದಲ ತಿರುಗಾಟಕ್ಕಿಂತ, ಓಡಿ ಆಡಿ ದಣಿದ ಬಳಿಕದ ಅಭ್ಯಾಸವೇ ಫಲ ಕೊಟ್ಟಿದೆ ಎಂಬುದು.

ಅಟ್ಟುವ ಆಸೆಯನ್ನು ಬರಿದೇ ಅದುಮಿ ಇಡಲು ಬರುವುದಿಲ್ಲ. ಅದಕ್ಕೊಂದು ಸರಿಯಾದ ಹಾದಿ ಬೇಕು. ಬಿದಿರು ಗಳಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಳೆಯ ಕಂಬಳಿಯ ತುಂಡು ಕಟ್ಟಿ, ಹಿತ್ತಲಲ್ಲಿ ನೆಲದ ಮೇಲೆ ಅದನ್ನು ಹಾವು ಹರಿದಾಡಿದ ಹಾಗೆ ಎಳೆದು ಆಡಿಸತೊಡಗಿದೆ. ಕುಳಿತರೆ ಆಟ ಆರಂಭ, “ಬಿಡು” ಎಂದಾಗ ಬಾಯಿಂದ ಬಿಟ್ಟರೆ ಮತ್ತೆ ಆಟ. ಬೇಟೆಯ ಉತ್ಸಾಹದ ನಡುವೆಯೂ ಮಾತು ಕೇಳುವ ಅಭ್ಯಾಸ ಅವಳಿಗೆ ಕೂಡಿಬಂದದ್ದು ಇಲ್ಲಿಯೇ. ಹೊಲದ ಬದುವಿನ ಮೇಲೆ “ಬಾ” ಎಂದಾಗ ತಿರುಗಿ ಬರುವುದಕ್ಕೆ ತಿನಿಸಿಗಿಂತ ಈ ಕಂಬಳಿಯ ತುಂಡೇ ದೊಡ್ಡ ಆಮಿಷವಾಯಿತು. ಊಟವನ್ನೂ ಒಂದೇ ತಟ್ಟೆಗೆ ಹಾಕುವುದನ್ನು ಬಿಟ್ಟು, ಸ್ವಲ್ಪ ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಮೂಗಿನಿಂದ ಹುಡುಕಿ ತಿನ್ನಲು ಬಿಟ್ಟೆವು.

ಬೀದಿ ನಾಯಿಗಳ ಸಂಗತಿಗೆ ಬೇರೆಯೇ ದಾರಿ ಹಿಡಿಯಬೇಕಾಯಿತು. ಅಲ್ಲಿ ಇದ್ದದ್ದು ಭಯ. ಮರಿಯಾಗಿದ್ದಾಗ ನಮ್ಮ ಬೀದಿಯ ನಾಯಿಗಳ ಗುಂಪು ಅವಳನ್ನು ಸುತ್ತುಗಟ್ಟಿ ಹಿಂಗಾಲಿಗೆ ಕಚ್ಚಿತ್ತು. ಅಂದಿನಿಂದ ದೂರದಲ್ಲಿ ನಾಯಿ ಕಂಡರೆ ಮೊದಲು ಬಾಲ ಒಳಗೆಳೆದು ತುಟಿ ನೆಕ್ಕುವಳು, ಮುಖ ಆಚೆ ತಿರುಗಿಸುವಳು. ಅದು ಹತ್ತಿರವಾದಾಗ ಮಾತ್ರ ಬೊಗಳಿ ಎಗರುವಳು. ಎಗರುವುದಷ್ಟೇ ನೋಡುವವರಿಗೆ ಕಾಣುತ್ತದೆ. ಒಮ್ಮೆ ತಿರುವಿನಲ್ಲಿ ನಾಯಿಯೊಂದು ಹಠಾತ್ತನೆ ಎದುರಾಗಿ ಎರಡೂ ಕಚ್ಚಾಟಕ್ಕಿಳಿದಾಗ ನನ್ನ ಹೆಂಡತಿ ಪಟ್ಟಿ ಹಿಡಿದೆಳೆಯಲು ಹೋಗಿ, ಚಿಗರಿ ಯಾರ ಕೈಯೆಂದು ನೋಡದೆ ತಿರುಗಿ ಕಚ್ಚಿಬಿಟ್ಟಳು. ಉದ್ರೇಕದಲ್ಲಿರುವ ನಾಯಿ ಹೀಗೆ ಸಿಕ್ಕಿದ್ದಕ್ಕೆ ಬಾಯಿ ಹಾಕುವುದು ತಿಳಿದ ವಿಷಯ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡೆವು. ನಾಯಿಗೆ ಲಸಿಕೆಯಾಗಿದೆ ಎಂದು ಮನುಷ್ಯರು ಸುಮ್ಮನಿರಬಾರದು. ಕಚ್ಚಾಟದ ನಡುವೆ ಕೈ ಹಾಕದೆ ನೀರು ಎರಚುವುದು, ತಗಡನ್ನು ಬಡಿದು ಸದ್ದು ಮಾಡುವುದು, ಎರಡರ ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸುವುದು ಕ್ಷೇಮ.

ಭಯ ಕಳೆಯಲು ನಮಗೆ ನೆರವಾದವಳು ಎದುರು ಮನೆಯ ಅಕ್ಕನವರ ಊರುನಾಯಿ. ವಯಸ್ಸಾದ, ಯಾರ ಗೊಡವೆಗೂ ಹೋಗದ ಹೆಣ್ಣು. ಅಗಲವಾದ ರಸ್ತೆಯ ಆ ಬದಿಯಲ್ಲಿ ಅಕ್ಕ ಅವಳನ್ನು ಹಿಡಿದು, ಈ ಬದಿಯಲ್ಲಿ ನಾನು ಚಿಗರಿಯನ್ನು ಹಿಡಿದು, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ನಡೆಯುತ್ತಿದ್ದೆವು. ಎದುರುಬದುರಾಗುವುದು ನಾಯಿಗಳಿಗೆ ಸವಾಲು. ಜೊತೆಜೊತೆಗೆ ನಡೆಯುವುದು ಹಾಗಲ್ಲ. ದಿನ ಕಳೆದಂತೆ ರಸ್ತೆಯ ನಡುವಿನ ಅಂತರ ತಾನಾಗಿ ಕಿರಿದಾಯಿತು. ಒಂದು ಸಂಜೆ ಇಬ್ಬರೂ ಒಂದೇ ಹುಲ್ಲಿನ ಗಡ್ಡೆಯನ್ನು ಮೂಸಿದರು. ಅಕ್ಕ “ಇನ್ನ ಸಾಕ್ರಿ ತಮ್ಮಾ, ಚಲೋ ಇರೂ ಹೊತ್ತಿನಾಗ ಮನಿಗೆ ಹೋಗೂಣು” ಎಂದರು. ಅದು ಅವರ ಅನುಭವದಿಂದ ಬಂದ ವಿವೇಕ. ಇನ್ನೂ ಸ್ವಲ್ಪ ಎಂದು ಎಳೆದ ಅಭ್ಯಾಸವೇ ಕೆಡುವುದು.

ಈ ನಡುವೆ ತರಬೇತುದಾರರೊಬ್ಬರು ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ಸೂಚಿಸಿದರು. ನಾವು ಒಪ್ಪಲಿಲ್ಲ. ಇನ್ನೊಂದು ನಾಯಿ ಕಂಡಾಗಲೆಲ್ಲ ಕೊರಳಿಗೆ ನೋವಾದರೆ, ನೋವು ತಂದದ್ದು ಆ ನಾಯಿಯೇ ಎಂದು ಹೆದರಿದ ನಾಯಿ ತಿಳಿಯುತ್ತದೆ. ಗುರುಗುಟ್ಟಿದ್ದಕ್ಕೆ ಶಿಕ್ಷೆ ಸಿಕ್ಕರೆ ಗುರುಗುಟ್ಟುವುದನ್ನು ಬಿಟ್ಟು ಮುನ್ಸೂಚನೆ ಇಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಅವಳ ಗುರುಗುಟ್ಟುವಿಕೆ ನಮಗೆ ಬೇಕಾದ ಎಚ್ಚರಿಕೆ. ಭಯ ಇಳಿಯದಿದ್ದರೆ ಫ್ಲುಯೊಕ್ಸೆಟೀನ್ ಎಂಬ ಮಾತ್ರೆ ಇದೆ, ಅದರ ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ತರಬೇತಿಯ ಜೊತೆಗೇ ಕೊಡಬೇಕು ಎಂದು ವೈದ್ಯರು ಹೇಳಿದ್ದರು. ಚಿಗರಿಗೆ ಅದರ ಅಗತ್ಯ ಬೀಳಲಿಲ್ಲ. ಬಿದ್ದಿದ್ದರೆ ಕೊಡಲು ಹಿಂಜರಿಯುತ್ತಿರಲಿಲ್ಲ.

ಈಗ ಬೀದಿ ನಾಯಿಗಳು ಎದುರಾದರೆ ಚಿಗರಿ ನನ್ನ ಮಗ್ಗುಲಿಗೆ ಸರಿದು, ಮುಖ ನೋಡಿ, ತಿನಿಸು ಪಡೆದು ಮುಂದೆ ನಡೆಯುತ್ತಾಳೆ. ಅಕ್ಕನವರ ನಾಯಿಯೊಂದಿಗೆ ಒಂದೇ ಅಂಗಳದಲ್ಲಿ ಮಲಗುತ್ತಾಳೆ. ಕುರಿಗಳ ವಿಷಯದಲ್ಲಿ ಆ ಮಟ್ಟದ ಬದಲಾವಣೆ ಆಗಿಲ್ಲ, ಆಗುತ್ತದೆಂದು ನಾನು ಯಾರಿಗೂ ಹೇಳುವುದೂ ಇಲ್ಲ. ಮೇಯುವ ಹಿಂಡಿನಿಂದ 30 ಮೀಟರ್ ದೂರದ ಬದುವಿನ ಮೇಲೆ ಹಗ್ಗದಲ್ಲಿ ಶಾಂತವಾಗಿ ನಡೆಯುತ್ತಾಳೆ. ಹಗ್ಗವಿಲ್ಲದೆ ಅವಳನ್ನು ಹೊಲಕ್ಕೆ ಬಿಡುವುದಿಲ್ಲ. ನಾದಿನಿ ಊರಿಗೆ ಹೋಗುವಾಗ ತನ್ನ ಬೆಕ್ಕನ್ನು ನಮ್ಮಲ್ಲಿ ಬಿಡಲು ಕೇಳಿದಾಗ ಆಗದೆಂದು ನೇರವಾಗಿ ಹೇಳಿದೆವು, ಅವಳೂ ಅರ್ಥ ಮಾಡಿಕೊಂಡಳು. ಮನೆಯೊಳಗೆ ಬೆಕ್ಕಿನೊಂದಿಗೆ ಈ ಪ್ರಯೋಗ ಮಾಡುವುದೆಂದರೆ ಬೆಕ್ಕಿನ ಜೀವವನ್ನು ಪಣಕ್ಕಿಟ್ಟಂತೆ.

ಕುರಿಗಾರ ಕಾಕಾ ಈಗ ಹಿಂಡು ಹೊಡೆದುಕೊಂಡು ಈ ಕಡೆ ಹೊರಡುವ ಮುನ್ನ ಮೊಬೈಲಿಗೆ ಕರೆ ಮಾಡುತ್ತಾರೆ. ಅವರು ಯಾವ ಹೊಲದಲ್ಲಿ ಎಷ್ಟು ರಾತ್ರಿ ನಿಲ್ಲುತ್ತಾರೆಂದು ಕೇಳಿಕೊಂಡು ನಾವು ಜಾಲರಿಯ ಕಟ್ಟುಗಳನ್ನು ಒಮ್ಮೆ ಜಗ್ಗಿ ನೋಡುತ್ತೇವೆ, ತಿರುಗಾಟದ ದಾರಿಯನ್ನು ಕೆರೆಯ ಕಡೆಗೆ ಬದಲಿಸುತ್ತೇವೆ. ಕಳೆದ ಸಲ ಬಂದಾಗ ಅವರ ಹಿಂಡಿನ ನಾಯಿಗಳಿಗೆ ರೇಬೀಸ್ ಲಸಿಕೆ ಆಗಿರಲಿಲ್ಲವೆಂದು ತಿಳಿದು, ಚಿಗರಿಯ ವರ್ಷದ ಚುಚ್ಚುಮದ್ದಿನ ದಿನವೇ ಅವುಗಳನ್ನೂ ಪಶು ಆಸ್ಪತ್ರೆಗೆ ಕರೆದೊಯ್ದು ಹಾಕಿಸಿದೆವು. ಅವುಗಳ ಕಾರ್ಡುಗಳನ್ನು ಕಾಕಾ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಬಳಿಯ ಗಂಟಿನಲ್ಲಿ ಇಟ್ಟುಕೊಂಡಿದ್ದಾರೆ. ಮುಂದಿನ ಚುಚ್ಚುಮದ್ದಿನ ತಿಂಗಳನ್ನು ನೆನಪಿಸುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.